ಮೇಜು ಅದೇ, ಯಜಮಾನ ಬೇರೆ

ಲಂಡನ್ನಿನ ದಕ್ಷಿಣ ಅಂಚಿನಲ್ಲಿ ಕ್ರಾಯ್ಡನ್ ಎಂಬ ಊರಿದೆ. ಕನ್ನಡಿಗರಿಗೆ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ಆದರೂ ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಮೂಲವನ್ನು ಹುಡುಕುತ್ತಾ ಹೋದರೆ ಒಂದು ಬೇರು ಈ ಊರನ್ನು ಮುಟ್ಟುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಕೆಲಸ ಕಲಿಯಲೆಂದು ಅದೇ ವರ್ಷ ಲಂಡನ್ನಿಗೆ ಹೋದರು. ಅಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್. ಈ ಸೇಯರ್ಸ್ ಅವರೇ ಕ್ರಾಯ್ಡನ್ ಸಾರ್ವಜನಿಕ ಗ್ರಂಥಾಲಯಗಳ ಮುಖ್ಯಸ್ಥರೂ ಆಗಿದ್ದರು.

ಊರಿನ ತೆರಿಗೆ ಹಣದಿಂದ ನಡೆಯುವ, ಯಾರು ಬೇಕಾದರೂ ಒಳಗೆ ಬಂದು ಪುಸ್ತಕ ಕೇಳಬಹುದಾದ ಗ್ರಂಥಾಲಯ ಹೇಗಿರುತ್ತದೆ ಎಂಬುದನ್ನು ರಂಗನಾಥನ್ ಇಂಗ್ಲೆಂಡಿನಲ್ಲಿ ಕಣ್ಣಾರೆ ಕಂಡರು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದ್ದು, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದು, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ಚಿಂತನೆ ಕೆಲಸ ಮಾಡಿದ್ದು ಎಲ್ಲವೂ ಗೊತ್ತಿರುವ ಸಂಗತಿಗಳೇ.

ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಆ ಸೂತ್ರಗಳಲ್ಲಿ ಓದುಗನಿದ್ದಾನೆ, ಪುಸ್ತಕವಿದೆ. ಮೇಜಿನ ಹಿಂದೆ ಕುಳಿತು ಪುಸ್ತಕ ಎತ್ತಿಕೊಡುವವರ ಹೆಸರು ಮಾತ್ರ ನೇರವಾಗಿ ಇಲ್ಲ. ಇದು ರಂಗನಾಥನ್ ಅವರ ಮೇಲಿನ ಆರೋಪವಲ್ಲ. ಗ್ರಂಥಾಲಯದ ಬಗ್ಗೆ ಯಾರೇ ಮಾತಾಡಿದರೂ ಪುಸ್ತಕ, ಕಟ್ಟಡ, ಓದುಗ ಇಷ್ಟೇ ನೆನಪಾಗುತ್ತವೆ. ಅಲ್ಲಿ ಸಂಬಳಕ್ಕೆ ದುಡಿಯುವವರಿದ್ದಾರೆ, ಅವರಿಗೊಂದು ಸೇವಾ ಷರತ್ತು ಇದೆ, ಅದನ್ನು ಕಾಯಲು ಒಂದು ಸಂಘವೂ ಇರಬಹುದು ಎಂಬುದು ನೆನಪಾಗುವುದು ಏನಾದರೂ ಬದಲಾವಣೆ ಬಂದಾಗ. ಅಂಥ ಬದಲಾವಣೆ ಸೇಯರ್ಸ್ ಅವರ ಕ್ರಾಯ್ಡನ್‌ಗೇ ಬಂತು.

ಒಂದೇ ತಿಂಗಳು, ಇಬ್ಬರು ಯಜಮಾನರು

2013ರ ಅಕ್ಟೋಬರ್‌ನಲ್ಲಿ ಕ್ರಾಯ್ಡನ್ ಕೌನ್ಸಿಲ್, ಅಂದರೆ ಅಲ್ಲಿನ ನಗರಾಡಳಿತ, ತನ್ನ ಗ್ರಂಥಾಲಯಗಳನ್ನು ನಡೆಸುವ ಕೆಲಸವನ್ನು ಜಾನ್ ಲೇಂಗ್ ಇಂಟಿಗ್ರೇಟೆಡ್ ಸರ್ವಿಸಸ್ ಎಂಬ ಖಾಸಗಿ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಕಟ್ಟಡ ಬದಲಾಗಲಿಲ್ಲ, ಕಪಾಟು ಬದಲಾಗಲಿಲ್ಲ, ಬರುವ ಓದುಗರೂ ಅವರೇ. ಬದಲಾದದ್ದು ನೌಕರರ ಸಂಬಳದ ಚೀಟಿಯ ಮೇಲಿನ ಹೆಸರು. ಆ ಹೆಸರಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ, ಕೆಲವೇ ವಾರಗಳಲ್ಲಿ, ಲೇಂಗ್ ಸಮೂಹ ಆ ಕಂಪನಿಯನ್ನೇ ಕ್ಯಾರಿಲಿಯನ್ ಎಂಬ ಇನ್ನೊಂದು ದೈತ್ಯ ಸಂಸ್ಥೆಗೆ ಮಾರಿಬಿಟ್ಟಿತು. ರಸ್ತೆ ಹಾಕುವುದು, ಆಸ್ಪತ್ರೆ ಕಟ್ಟುವುದು, ಸರ್ಕಾರಿ ಕಟ್ಟಡಗಳ ಉಸ್ತುವಾರಿ ನೋಡುವುದು ಕ್ಯಾರಿಲಿಯನ್‌ನ ಕಸುಬು. ಅದರ ನೂರೆಂಟು ವ್ಯವಹಾರಗಳ ನಡುವೆ ಕ್ರಾಯ್ಡನ್ ಮಕ್ಕಳ ಕಥೆ ಪುಸ್ತಕಗಳೂ ಸೇರಿಕೊಂಡವು.

ಆ ಕಂಪನಿ 2018ರ ಜನವರಿ 15ರಂದು ದಿವಾಳಿಯಾಯಿತು. ಬ್ರಿಟನ್ನಿನಲ್ಲಿ ಸುಮಾರು 20,000 ಜನ ಅದರ ಕೆಳಗೆ ಕೆಲಸ ಮಾಡುತ್ತಿದ್ದರು. ಕೊಡಬೇಕಾದ ಬಾಕಿ ಸುಮಾರು 700 ಕೋಟಿ ಪೌಂಡ್. ಕೈಯಲ್ಲಿ ಉಳಿದಿದ್ದ ನಗದು 2.9 ಕೋಟಿ ಪೌಂಡ್ ಮಾತ್ರ ಎಂದು ಪಾರ್ಲಿಮೆಂಟಿನ ಸಮಿತಿಗಳ ವಿಚಾರಣೆಯಲ್ಲಿ ಹೊರಬಿತ್ತು. ಕ್ರಾಯ್ಡನ್ ಕೌನ್ಸಿಲ್ ಗ್ರಂಥಾಲಯಗಳನ್ನು ವಾಪಸು ತನ್ನ ಕೈಗೆ ತೆಗೆದುಕೊಂಡಿತು. ಹೀಗೆ ನಾಲ್ಕೂ ಕಾಲು ವರ್ಷದಲ್ಲಿ ಒಂದೇ ಮೇಜಿನ ಹಿಂದೆ ಕುಳಿತ ನೌಕರರ ಮೇಲಿನ ಆಡಳಿತ ಮೂರು ಸಲ ಬದಲಾಯಿತು.

ಇಷ್ಟಾದರೂ ಹೊರಟಲ್ಲಿಗೇ ಹಿಂದಿರುಗಲು ಆ ನೌಕರರಿಗೆ ಒಂದು ದಾರಿ ಇತ್ತಲ್ಲ, ಅದು ತಾನಾಗಿ ಬಂದದ್ದಲ್ಲ. ಅದರ ಹಿಂದೆ ಕಾನೂನಿದೆ. ಆ ಕಾನೂನಿಗೆ ಬಾಯಿ ಕೊಡುವ ಸಂಘಗಳಿವೆ. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿಯವರೆಗೆ ಮಾತ್ರ ಮಾಡುತ್ತವೆ ಎಂಬುದು ಗುತ್ತಿಗೆ ಪದ್ಧತಿಯನ್ನು ದಿನನಿತ್ಯ ಕಾಣುವ ನಮಗೂ ತಿಳಿದಿರಬೇಕಾದ ವಿಷಯ.

'ಸಂಘ' ಎಂದರೆ ಮೂಗು ಮುರಿದವರು

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ 1877ರಲ್ಲೇ ಲೈಬ್ರರಿ ಅಸೋಸಿಯೇಷನ್ ಹುಟ್ಟಿತ್ತು. 1898ರಲ್ಲಿ ಅದಕ್ಕೆ ರಾಣಿಯ ಸನ್ನದೂ ದೊರೆಯಿತು. ಆದರೆ ಅದು ಕಾರ್ಮಿಕ ಸಂಘವಲ್ಲ. ಪರೀಕ್ಷೆ ನಡೆಸುವುದು, ವೃತ್ತಿಯ ಮಟ್ಟ ಕಾಪಾಡುವುದು ಅದರ ಕೆಲಸ. ನಮ್ಮಲ್ಲಿ ವೈದ್ಯರ ಪರಿಷತ್ತಿಗೂ ಆಸ್ಪತ್ರೆ ನೌಕರರ ಸಂಘಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ. ಸಂಬಳ, ರಜೆ, ಕೆಲಸದ ವೇಳೆ, ಬಡ್ತಿ ಇವುಗಳ ಬಗ್ಗೆ ಮಾತಾಡಬೇಕಾದರೆ ಬೇರೆ ಬಾಗಿಲು ತಟ್ಟಬೇಕಿತ್ತು.

ಆ ಬಾಗಿಲು ಸ್ಥಳೀಯ ಸಂಸ್ಥೆಗಳ ಅಧಿಕಾರಿ ನೌಕರರ ಸಂಘದ್ದು. 1905ರಲ್ಲಿ ಹುಟ್ಟಿದ ಈ ಸಂಘವನ್ನು ನ್ಯಾಲ್ಗೊ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಿದ್ದರು. ಕೋಟು ತೊಟ್ಟು ಕಚೇರಿಗೆ ಹೋಗುವ ಇದರ ಸದಸ್ಯರಲ್ಲಿ ಅನೇಕರಿಗೆ ಮೊದಲ ದಶಕಗಳಲ್ಲಿ 'ಯೂನಿಯನ್' ಎಂಬ ಮಾತೇ ಹಿಡಿಸುತ್ತಿರಲಿಲ್ಲ. ಗಣಿ ಕೆಲಸದವರ, ರೈಲ್ವೆಯವರ ಜೊತೆ ತಮ್ಮನ್ನು ಒಂದೇ ಸಾಲಿನಲ್ಲಿ ಕೂರಿಸುವುದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ದೇಶದ ಕಾರ್ಮಿಕ ಸಂಘಗಳ ಮಹಾ ಒಕ್ಕೂಟವನ್ನು ನ್ಯಾಲ್ಗೊ ಸೇರಿದ್ದು 1964ರಷ್ಟು ತಡವಾಗಿ. ಕೊನೆಗೆ 1993ರಲ್ಲಿ ಅದು ಕೈಕೆಲಸದ ನೌಕರರ ಮತ್ತು ಆಸ್ಪತ್ರೆ ನೌಕರರ ಎರಡು ಸಂಘಗಳೊಂದಿಗೆ ವಿಲೀನಗೊಂಡು 'ಯೂನಿಸನ್' ಆಯಿತು. ಬ್ರಿಟನ್ನಿನ ಗ್ರಂಥಾಲಯ ನೌಕರರಲ್ಲಿ ಹೆಚ್ಚಿನವರ ಸಂಘ ಇದೇ. ಯುನೈಟ್, ಜಿಎಂಬಿ ಎಂಬ ಸಂಘಗಳಿಗೂ ಅಲ್ಲಲ್ಲಿ ಸದಸ್ಯರಿದ್ದಾರೆ.

ಗ್ರಂಥಾಲಯ ನೌಕರರಿಗೆ ಇಂಥ ದೊಡ್ಡ ಸಂಘದ ನೆರಳು ಏಕೆ ಬೇಕು ಎಂಬುದಕ್ಕೆ ಕಾರಣ ಅವರ ಕೆಲಸದ ಸ್ವರೂಪದಲ್ಲೇ ಇದೆ. ಕಾರ್ಖಾನೆಯಲ್ಲಿ ಸಾವಿರ ಜನ ಒಂದೇ ಗೇಟಿನಲ್ಲಿ ಹೋಗಿಬರುತ್ತಾರೆ. ಗ್ರಂಥಾಲಯದಲ್ಲಿ ಹಾಗಲ್ಲ. ಒಂದು ಶಾಖೆಯಲ್ಲಿ ಮೂವರು, ಇನ್ನೊಂದರಲ್ಲಿ ಇಬ್ಬರು. ಅವರಲ್ಲಿ ಬಹುಪಾಲು ಮಹಿಳೆಯರು, ಅನೇಕರು ಅರೆಕಾಲಿಕ ನೌಕರರು. ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಅವರಷ್ಟೇ ಸೇರಿ ಮುಷ್ಕರ ಹೂಡಿದರೆ ರೈಲು ನಿಲ್ಲುವುದಿಲ್ಲ, ದೀಪ ಆರುವುದಿಲ್ಲ. 'ಸೇವಾ ಮನೋಭಾವದ ಕೆಲಸ' ಎಂಬ ಹೊಗಳಿಕೆ ಬೇರೆ. ಹೊಗಳಿಕೆ ಹೆಚ್ಚಿದ ಕಡೆ ಸಂಬಳ ಕಡಿಮೆ ಎಂಬುದು ಅಂಗನವಾಡಿ ಕಾರ್ಯಕರ್ತೆಯರನ್ನು ಬಲ್ಲ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ಥಳೀಯ ಸಂಸ್ಥೆಗಳ ನೌಕರರ ಸಂಬಳವನ್ನು ಬ್ರಿಟನ್ನಿನಲ್ಲಿ ಬಹುತೇಕ ಕಡೆ ಊರೂರಿನ ಕೌನ್ಸಿಲ್ ನಿರ್ಧರಿಸುವುದಿಲ್ಲ. ಮಾಲೀಕರ ಕಡೆಯವರೂ ಸಂಘಗಳ ಕಡೆಯವರೂ ಸೇರಿದ ರಾಷ್ಟ್ರೀಯ ಜಂಟಿ ಮಂಡಳಿಯೊಂದಿದೆ. ಅಲ್ಲಿ ಆಗುವ ಒಪ್ಪಂದದಂತೆ ಸಂಬಳ ಏರುತ್ತದೆ. ಈ ಮಂಡಳಿಯ 1997ರ ಒಪ್ಪಂದವನ್ನು ಅದರ ರಟ್ಟಿನ ಬಣ್ಣದಿಂದಾಗಿ 'ಹಸಿರು ಪುಸ್ತಕ' ಎಂದು ಕರೆಯುವ ರೂಢಿ. ಕ್ರಾಯ್ಡನ್‌ನಂಥ ಊರಿನಲ್ಲಿ ಖಾಸಗಿ ಕಂಪನಿ ಬಂದಾಗ ನೌಕರರ ಮೊದಲ ಪ್ರಶ್ನೆ ಇದೇ: ಈ ಪುಸ್ತಕ ನಮ್ಮ ಜೊತೆ ಬರುತ್ತದೆಯೇ?

ಜೊತೆಗೆ ಬರುವುದೇನು, ಬಾರದಿರುವುದೇನು?

ಅದಕ್ಕೆ ಉತ್ತರ ಹೇಳುವ ನಿಯಮಾವಳಿಯನ್ನು ಅಲ್ಲಿ 'ಟ್ಯೂಪಿ' ಎನ್ನುತ್ತಾರೆ. ಯುರೋಪಿನ 1977ರ ನಿರ್ದೇಶನವೊಂದನ್ನು ಅನುಸರಿಸಿ 1981ರಲ್ಲಿ ಬಂದು 2006ರಲ್ಲಿ ಹೊಸದಾಗಿ ಬರೆಯಲ್ಪಟ್ಟ ನಿಯಮಗಳಿವು. ತಿರುಳು ಸರಳ. ಒಂದು ಕೆಲಸ ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಹೋದರೆ ಆ ಕೆಲಸ ಮಾಡುತ್ತಿರುವ ನೌಕರರೂ ತಮ್ಮ ಹಳೆಯ ಷರತ್ತುಗಳ ಸಮೇತ ಹೋಗುತ್ತಾರೆ. ಹದಿನೈದು ವರ್ಷ ಸೇವೆ ಮಾಡಿದವರು ಹೊಸ ಕಂಪನಿಯಲ್ಲಿ ಒಂದನೇ ದಿನದ ನೌಕರರಾಗುವುದಿಲ್ಲ. ಹದಿನಾರನೇ ವರ್ಷಕ್ಕೆ ಕಾಲಿಟ್ಟಂತೆ ಲೆಕ್ಕ. ಸಂಬಳ, ರಜೆ, ಕೆಲಸದ ವೇಳೆ ಹಾಗೆಯೇ ಇರಬೇಕು. ವರ್ಗಾವಣೆಯನ್ನೇ ಕಾರಣ ಮಾಡಿ ಯಾರನ್ನೂ ತೆಗೆಯುವಂತಿಲ್ಲ. ವರ್ಗವಾದ ಘಟಕ ತನ್ನ ಪ್ರತ್ಯೇಕ ಗುರುತು ಉಳಿಸಿಕೊಂಡಿದ್ದರೆ ಸಂಘಕ್ಕೆ ಇದ್ದ ಮಾನ್ಯತೆಯೂ ಹೊಸ ಮಾಲೀಕನ ಹೆಗಲೇರುತ್ತದೆ.

ಇನ್ನೊಂದು ಕಟ್ಟಳೆಯೂ ಇದೆ. ವರ್ಗಾವಣೆಗೆ ಸಾಕಷ್ಟು ಮುಂಚೆಯೇ ಹಳೆಯ ಮಾಲೀಕ ಮಾನ್ಯತೆ ಪಡೆದ ಸಂಘಕ್ಕೆ ಬರವಣಿಗೆಯಲ್ಲಿ ವಿಷಯ ತಿಳಿಸಬೇಕು. ವರ್ಗಾವಣೆ ಯಾವಾಗ, ಏಕೆ, ನೌಕರರ ಮೇಲೆ ಪರಿಣಾಮವೇನು, ಹೊಸಬರು ಏನು ಬದಲಾಯಿಸಲು ಹೊರಟಿದ್ದಾರೆ ಎಂಬುದೆಲ್ಲ ಅದರಲ್ಲಿ ಬರಬೇಕು. ಬದಲಾವಣೆ ಉದ್ದೇಶಿಸಿದ್ದರೆ ಸಂಘದೊಡನೆ ಸಮಾಲೋಚನೆ ನಡೆಸಬೇಕು. ತಪ್ಪಿದರೆ ನ್ಯಾಯಮಂಡಳಿ ಒಬ್ಬೊಬ್ಬ ನೌಕರನಿಗೂ ಗರಿಷ್ಠ 13 ವಾರಗಳ ಸಂಬಳದಷ್ಟು ಪರಿಹಾರ ವಿಧಿಸಬಹುದು.

ಕೇಳಲು ಹಿತವಾಗಿದೆ. ಆದರೆ ಬಲೆಯಲ್ಲಿ ತೂತುಗಳಿವೆ. ಮೊದಲನೆಯದು ನಿವೃತ್ತಿ ವೇತನ. ಕಂಪನಿಯ ಪಿಂಚಣಿ ಯೋಜನೆಯ ಹಕ್ಕುಗಳು ಟ್ಯೂಪಿಯ ವ್ಯಾಪ್ತಿಗೆ ಪೂರ್ತಿಯಾಗಿ ಬರುವುದಿಲ್ಲ. ಸ್ಥಳೀಯ ಸಂಸ್ಥೆಗಳ ನೌಕರರಿಗಾಗಿ 2007ರಲ್ಲಿ ಪ್ರತ್ಯೇಕ ನಿರ್ದೇಶನ ಹೊರಡಿಸಿ ಈ ತೂತನ್ನು ಹೊಲಿಯಬೇಕಾಯಿತು.

ಎರಡನೆಯದು ಕಂಪನಿಯ ಮಾರಾಟ. ಷೇರುಗಳನ್ನು ಕೊಂಡು ಕಂಪನಿಯನ್ನೇ ಖರೀದಿಸಿದಾಗ ಕಾನೂನಿನ ಕಣ್ಣಿಗೆ ಮಾಲೀಕ ಬದಲಾಗಿಲ್ಲ. ಕಂಪನಿ ಅದೇ, ಅದರ ಹಿಂದಿನ ಧಣಿ ಮಾತ್ರ ಬೇರೆ. ಆದ್ದರಿಂದ ಟ್ಯೂಪಿಯ ನೋಟಿಸೂ ಇಲ್ಲ, ಸಮಾಲೋಚನೆಯೂ ಇಲ್ಲ. ನಗರಾಡಳಿತದಿಂದ ಕಂಪನಿಗೆ ಹೋಗುವ ಮೊದಲ ಹೆಜ್ಜೆಗೆ ತಿಂಗಳುಗಟ್ಟಲೆ ಸಭೆಗಳು ನಡೆಯಬಹುದು. ಆ ಕಂಪನಿ ಕೈಬದಲಾಗುವ ಎರಡನೇ ಹೆಜ್ಜೆಯ ಸುದ್ದಿಯನ್ನು ನೌಕರರು ಪತ್ರಿಕೆಯಲ್ಲಿ ಓದಿ ತಿಳಿದರೂ ಕಾನೂನು ಸುಮ್ಮನಿರುತ್ತದೆ.

ಮೂರನೆಯ ತೂತು ಎಲ್ಲಕ್ಕಿಂತ ದೊಡ್ಡದು. ಅದು ಹೊರಬಿದ್ದದ್ದು ಗ್ರಂಥಾಲಯದಿಂದಲ್ಲ, ದಕ್ಷಿಣ ಲಂಡನ್ನಿನದೇ ಆದ ಲೂಯಿಶಾಮ್ ಎಂಬಲ್ಲಿಯ ಕ್ರೀಡಾ ಮನರಂಜನೆ ವಿಭಾಗದಿಂದ. ಅಲ್ಲಿಯ ನೌಕರರು 2002ರಲ್ಲಿ ಒಂದು ಕಂಪನಿಗೆ, 2004ರಲ್ಲಿ ಪಾರ್ಕ್‌ವುಡ್ ಲೀಷರ್ ಎಂಬ ಇನ್ನೊಂದಕ್ಕೆ ವರ್ಗವಾದರು. ಸಂಬಳ ಜಂಟಿ ಮಂಡಳಿಯ ಒಪ್ಪಂದದಂತೆ ಎಂದು ಅವರ ನೇಮಕದ ಕರಾರಿನಲ್ಲಿ ಬರೆದಿತ್ತು. ಆಮೇಲೆ ಮಂಡಳಿ ಸಂಬಳ ಏರಿಸಿತು. ಆ ಮಂಡಳಿಯಲ್ಲಿ ತನಗೆ ಕುರ್ಚಿಯೇ ಇಲ್ಲದಿರುವಾಗ ಅದರ ತೀರ್ಮಾನವನ್ನು ತಾನೇಕೆ ಪಾಲಿಸಬೇಕು ಎಂದು ಕಂಪನಿ ಕೇಳಿತು. ವ್ಯಾಜ್ಯ ಮೆಟ್ಟಿಲು ಮೆಟ್ಟಿಲಾಗಿ ಏರಿ ಯುರೋಪಿಯನ್ ನ್ಯಾಯಾಲಯ ಮುಟ್ಟಿತು. 2013ರ ಜುಲೈನಲ್ಲಿ ಕಂಪನಿಯ ಪರವಾಗಿ ತೀರ್ಪು ಬಂತು.

ಅಂದರೆ ಹಸಿರು ಪುಸ್ತಕ ನೌಕರನ ಜೊತೆ ಹೋಗುತ್ತದೆ, ಆದರೆ ವರ್ಗಾವಣೆಯ ದಿನ ಅದರಲ್ಲಿ ಏನಿತ್ತೋ ಅಷ್ಟೇ. ಮುಂದಿನ ಪುಟಗಳು ಅವನಿಗೆ ಸೇರುವುದಿಲ್ಲ. ಈ ತೀರ್ಪು ಬಂದ ಮೂರು ತಿಂಗಳಿಗೆ ಕ್ರಾಯ್ಡನ್ ನೌಕರರು ಲೇಂಗ್ ಕಂಪನಿಯ ಪಾಲಾದರು. 2014ರಲ್ಲಿ ಟ್ಯೂಪಿ ನಿಯಮಗಳನ್ನೇ ತಿದ್ದಿ ಈ ತೀರ್ಪನ್ನು ಅದರೊಳಗೆ ಸೇರಿಸಲಾಯಿತು. ಆದ್ದರಿಂದ ಖಾಸಗಿ ಕೈಗೆ ಹೋದ ಮೇಲೆ ಸಂಘದ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ಮೊದಲು ಇಡೀ ದೇಶಕ್ಕೆ ಒಂದೇ ಕಡೆ ನಡೆಯುತ್ತಿದ್ದ ಚೌಕಾಸಿಯನ್ನು ಈಗ ಒಂದೊಂದು ಕಂಪನಿಯ ಮುಂದೆಯೂ ನಡೆಸಬೇಕು. ಅದೂ ಇಬ್ಬರು ಮೂವರಂತೆ ಚದುರಿ ಕುಳಿತ ಸದಸ್ಯರನ್ನು ಇಟ್ಟುಕೊಂಡು.

ಯಂತ್ರ ಬಂತು, ಆಮೇಲೆ ಸ್ವಯಂಸೇವಕರು

ಎಲ್ಲ ಬದಲಾವಣೆಯೂ ಮಾಲೀಕನ ಬದಲಾವಣೆಯಲ್ಲ. 2010ರ ನಂತರ ಬ್ರಿಟನ್ನಿನಲ್ಲಿ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಕತ್ತರಿ ಬಿದ್ದಾಗ ಗ್ರಂಥಾಲಯಗಳು ಮೊದಲ ಸಾಲಿನಲ್ಲಿ ಸಿಕ್ಕಿಬಿದ್ದವು. ಬಿಬಿಸಿ 2016ರಲ್ಲಿ ಕಲೆಹಾಕಿದ ಲೆಕ್ಕದಂತೆ ಆರು ವರ್ಷಗಳಲ್ಲಿ 343 ಗ್ರಂಥಾಲಯಗಳು ಮುಚ್ಚಿದ್ದವು. ಸುಮಾರು 8,000 ಹುದ್ದೆಗಳು, ಅಂದರೆ ಒಟ್ಟು ಹುದ್ದೆಗಳಲ್ಲಿ ಕಾಲು ಭಾಗದಷ್ಟು, ಹೋಗಿದ್ದವು. ಅದೇ ಅವಧಿಯಲ್ಲಿ ಸೇರಿಕೊಂಡ ಸ್ವಯಂಸೇವಕರು 15,500.

ಈ ಕೊನೆಯ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಂಘಗಳ ಸಂಕಟ ಅರ್ಥವಾಗುತ್ತದೆ. ಸ್ವಯಂಸೇವಕ ನೌಕರನಲ್ಲ. ಅವನಿಗೆ ಕರಾರು ಇಲ್ಲ, ಸಂಬಳ ಇಲ್ಲ, ಆದ್ದರಿಂದ ಅವನ ಪರವಾಗಿ ಸಂಘ ಚೌಕಾಸಿ ಮಾಡುವಂಥದ್ದೂ ಏನಿಲ್ಲ. ನೌಕರರು ಮುಷ್ಕರ ಹೂಡಿದ ದಿನ ಅವನೇ ಬಾಗಿಲು ತೆರೆದು ಕೂರಬಹುದು. ಹಾಗೆಂದು ಅವನನ್ನು ಶತ್ರುವೆನ್ನಲೂ ಬರುವುದಿಲ್ಲ. ತನ್ನ ಬೀದಿಯ ಗ್ರಂಥಾಲಯ ಮುಚ್ಚಬಾರದೆಂದು ಮಧ್ಯಾಹ್ನದ ನಿದ್ದೆ ಬಿಟ್ಟು ಬಂದ ನಿವೃತ್ತ ಶಿಕ್ಷಕನೋ ಗೃಹಿಣಿಯೋ ಆಗಿರುತ್ತಾರೆ ಅವರು. ಓದುಗರಿಗೆ ಬೇಕಾದದ್ದು ಗ್ರಂಥಾಲಯ ಉಳಿಯುವುದು, ನೌಕರರಿಗೆ ಬೇಕಾದದ್ದು ಕೆಲಸ ಉಳಿಯುವುದು. ಎರಡೂ ಒಂದೇ ಎಂದು ಸಭೆಗಳಲ್ಲಿ ಹೇಳುವುದು ಸುಲಭ. ಕೌನ್ಸಿಲ್ 'ಸಂಬಳದವರಿಲ್ಲದೆ ನಡೆಸುವುದಾದರೆ ಕಟ್ಟಡ ಕೊಡುತ್ತೇವೆ' ಎಂದು ಮುಂದಿಟ್ಟಾಗ ಎರಡೂ ಬೇರೆಯಾಗುತ್ತವೆ. ಸಂಘಗಳ ಹೋರಾಟದಲ್ಲಿ ಅತ್ಯಂತ ದುರ್ಬಲವಾದ ಜಾಗ ಇದೇ ಎನ್ನಬೇಕು.

ಕೋರ್ಟಿನಲ್ಲಿಯೂ ಈ ಬಿರುಕು ಕಾಣುತ್ತದೆ. ಗ್ಲೌಸ್ಟರ್‌ಶೈರ್ ಮತ್ತು ಸಾಮರ್ಸೆಟ್ ಕೌಂಟಿಗಳ ಕಡಿತದ ಯೋಜನೆಯನ್ನು 2011ರ ನವೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. ದುರ್ಬಲ ವರ್ಗದವರ ಮೇಲಾಗುವ ಪರಿಣಾಮವನ್ನು ಕಾನೂನು ಹೇಳಿದಂತೆ ತೂಗಿ ನೋಡಿಲ್ಲ ಎಂಬುದು ಕಾರಣ. ಆದರೆ ದಾವೆ ಹೂಡಿದವರು ಓದುಗರು, ನೌಕರರಲ್ಲ. 1964ರ ಗ್ರಂಥಾಲಯ ಕಾಯ್ದೆ ಊರಿಗೆ ಸಮಗ್ರವೂ ದಕ್ಷವೂ ಆದ ಸೇವೆ ಒದಗಿಸಬೇಕೆಂದು ಕೌನ್ಸಿಲ್‌ಗಳಿಗೆ ಕರ್ತವ್ಯ ವಿಧಿಸುತ್ತದೆ. ಅದಕ್ಕೆ ಇಂತಿಷ್ಟು ಜನ ಸಂಬಳದ ನೌಕರರು ಇರಬೇಕೆಂದು ಎಲ್ಲಿಯೂ ಹೇಳುವುದಿಲ್ಲ.

ನೌಕರರ ಕೈಯಲ್ಲಿರುವ ಕಾನೂನು ಬೇರೆಯದು. ಒಂದು ಸಂಸ್ಥೆ 90 ದಿನಗಳೊಳಗೆ 20 ಅಥವಾ ಹೆಚ್ಚು ಮಂದಿಯನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಮೊದಲ ನೌಕರನನ್ನು ತೆಗೆಯುವ 30 ದಿನಗಳ ಮುಂಚೆ ಸಂಘದೊಡನೆ ಸಮಾಲೋಚನೆ ಶುರುವಾಗಬೇಕು. 100 ಅಥವಾ ಹೆಚ್ಚಾದರೆ 45 ದಿನ. ಎರಡನೆಯ ಅವಧಿ ಮೊದಲು 90 ದಿನವಿತ್ತು, 2013ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಈ ಸಮಾಲೋಚನೆ ಬರೀ ತಿಳಿಸುವುದಲ್ಲ. ಒಪ್ಪಂದಕ್ಕೆ ಬರುವ ದೃಷ್ಟಿಯಿಂದಲೇ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ತೆಗೆಯುವುದನ್ನು ತಪ್ಪಿಸುವುದು ಹೇಗೆ, ಸಂಖ್ಯೆ ಇಳಿಸುವುದು ಹೇಗೆ, ಪರಿಣಾಮ ತಗ್ಗಿಸುವುದು ಹೇಗೆ ಎಂಬ ಮೂರೂ ಚರ್ಚೆಯಾಗಬೇಕು. ಆದರೆ ಒಪ್ಪಂದ ಆಗಲೇಬೇಕೆಂದಿಲ್ಲ.

ಈ ದಿನಗಳಲ್ಲಿ ಸಂಘದ ಪ್ರತಿನಿಧಿ ಮಾಡುವ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಘೋಷಣೆ, ಬಾವುಟ ಇರುವುದು ಒಂದೆರಡು ದಿನ. ಉಳಿದದ್ದೆಲ್ಲ ಕಾಗದ. ಮರುಸಂಘಟನೆ ಎಂದರೆ ಸಾಮಾನ್ಯವಾಗಿ ಹಳೆಯ ಹುದ್ದೆಗಳನ್ನು ರದ್ದುಮಾಡಿ ಹೊಸ ಹೆಸರಿನ, ಕಡಿಮೆ ಸಂಖ್ಯೆಯ ಹುದ್ದೆಗಳನ್ನು ಸೃಷ್ಟಿಸುವುದು. ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೇ ಹೊಸದಾಗಿ ಅರ್ಜಿ ಬರೆಯಬೇಕಾಗುತ್ತದೆ. ಹೊಸ ಹುದ್ದೆ ಹಳೆಯದಕ್ಕೆ ಎಷ್ಟು ಹತ್ತಿರ, ಹತ್ತಿರವಿದ್ದರೆ ಸಂದರ್ಶನವಿಲ್ಲದೆ ಅವರನ್ನೇ ಕೂರಿಸಬಹುದಲ್ಲವೇ, ಹುದ್ದೆಯ ದರ್ಜೆ ಇಳಿದರೆ ಹಳೆಯ ಸಂಬಳ ಎಷ್ಟು ಕಾಲ ನಡೆಯಬೇಕು ಎಂದು ಸಾಲು ಸಾಲಾಗಿ ವಾದಿಸುವುದು ಪ್ರತಿನಿಧಿಯ ಕೆಲಸ. ಇದರಲ್ಲಿ ಗೆದ್ದದ್ದು ಸುದ್ದಿಯಾಗುವುದಿಲ್ಲ. ಯಾರದೋ ಒಬ್ಬರ ಮನೆ ಸಾಲದ ಕಂತು ನಿಲ್ಲದೆ ಹೋಗುತ್ತದೆ, ಅಷ್ಟೆ.

ಯಂತ್ರದ ವಿಷಯದಲ್ಲಿ ಸಂಘಗಳಿಗೆ ಇನ್ನೊಂದು ಹಿಡಿ ಸಿಕ್ಕಿತು. ಪುಸ್ತಕಕ್ಕೆ ಪುಟ್ಟ ಚಿಪ್ ಅಂಟಿಸಿ ಓದುಗನೇ ಯಂತ್ರದ ಮೇಲಿಟ್ಟು ದಾಖಲಿಸಿಕೊಳ್ಳುವ ವ್ಯವಸ್ಥೆ ಬಂದ ಮೇಲೆ, ಉತ್ತರ ಲಂಡನ್ನಿನ ಬಾರ್ನೆಟ್‌ನಂಥ ಕಡೆ ದಿನದ ಕೆಲವು ಹೊತ್ತು ಸಿಬ್ಬಂದಿಯೇ ಇಲ್ಲದೆ ಗ್ರಂಥಾಲಯ ತೆರೆದಿಡತೊಡಗಿದರು. ಕಾರ್ಡು, ಗುಪ್ತಸಂಖ್ಯೆ ಒತ್ತಿ ಒಳಗೆ ಹೋಗಬೇಕು, ಕ್ಯಾಮೆರಾ ನೋಡುತ್ತಿರುತ್ತದೆ. ಇನ್ನು ಕೆಲವೆಡೆ ಒಬ್ಬರೇ ನೌಕರರು ಇಡೀ ಕಟ್ಟಡ ನೋಡಿಕೊಳ್ಳುವ ಪರಿಸ್ಥಿತಿ. ಯಂತ್ರ ಬೇಡವೆಂದು ಹೇಳುವ ಹಕ್ಕು ಸಂಘಕ್ಕಿಲ್ಲ. ಆದರೆ 1977ರ ಸುರಕ್ಷತಾ ಪ್ರತಿನಿಧಿಗಳ ನಿಯಮಾವಳಿ ಇದೆ. ಹೊಸ ತಂತ್ರಜ್ಞಾನ ತರುವಾಗ ನೌಕರರ ಆರೋಗ್ಯ, ಸುರಕ್ಷತೆಯ ಮೇಲಾಗುವ ಪರಿಣಾಮದ ಬಗ್ಗೆ ಸಂಘದ ಸುರಕ್ಷತಾ ಪ್ರತಿನಿಧಿಯೊಡನೆ ಸಕಾಲದಲ್ಲಿ ಸಮಾಲೋಚಿಸಬೇಕೆಂದು ಅದಕ್ಕೆ ಆಮೇಲೆ ಸೇರಿಸಿದ ಭಾಗ ಹೇಳುತ್ತದೆ. ಕೆಲಸ ಹೋಗುತ್ತದೆ ಎಂದರೆ ಕೇಳದ ಆಡಳಿತ, ರಾತ್ರಿ ಎಂಟಕ್ಕೆ ಒಬ್ಬಳೇ ಬಾಗಿಲು ಹಾಕುವ ಹೆಂಗಸಿಗೆ ಏನಾದರೂ ಆದರೆ ಹೊಣೆ ಯಾರದು ಎಂದರೆ ಕಿವಿಗೊಡುತ್ತದೆ.

ಮುಷ್ಕರವೂ ಆಗಿದೆ. ಕ್ರಾಯ್ಡನ್‌ನ ನೆರೆಯ ಬ್ರಾಮ್ಲಿಯಲ್ಲಿ ಗ್ರಂಥಾಲಯಗಳು 2017ರಲ್ಲಿ ಗ್ರೀನಿಚ್ ಲೀಷರ್ ಎಂಬ ಸಂಸ್ಥೆಯ ಗುತ್ತಿಗೆಗೆ ಹೋದವು. ಖಾಲಿ ಹುದ್ದೆ ತುಂಬದಿರುವುದರ ವಿರುದ್ಧ ಯುನೈಟ್ ಸಂಘದ ಸದಸ್ಯರು 2019ರ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಕೆಲಸ ನಿಲ್ಲಿಸಿದರು. ಖಾಲಿ ಹುದ್ದೆಗಳ ಭರ್ತಿಯ ಬಗ್ಗೆ ಒಪ್ಪಂದವಾದ ಮೇಲೆ ಒಳಗೆ ಹೋದರು. ಇನ್ನೊಂದು ನೆರೆಯೂರು ಲ್ಯಾಂಬೆತ್‌ನಲ್ಲಿ 2016ರ ಮಾರ್ಚ್ ಕೊನೆಗೆ ಕಾರ್ನೆಗಿ ಗ್ರಂಥಾಲಯ ಮುಚ್ಚಿದಾಗ ಓದುಗರು ಹೊರಬರಲು ಒಪ್ಪದೆ ಒಂದು ವಾರಕ್ಕೂ ಹೆಚ್ಚು ಕಾಲ ಒಳಗೇ ಮಲಗಿದ್ದರು. ಓದುಗರೂ ನೌಕರರೂ ಒಂದೇ ದನಿಯಲ್ಲಿ ಮಾತಾಡಿದ ಅಪರೂಪದ ಪ್ರಸಂಗಗಳಲ್ಲಿ ಅದೊಂದು.

ಬೆಂಗಳೂರಿನಿಂದ ಹೊರಟ ಪ್ರಶ್ನೆ

ಇದೆಲ್ಲ ಪರದೇಶದ ಮಾತಾಯಿತು. ನಮ್ಮಲ್ಲಿ? ಇಲ್ಲಿ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಕೆಳಗಿನಿಂದ ಶುರುವಾಗುತ್ತದೆ: ಗ್ರಂಥಾಲಯ ಒಂದು 'ಉದ್ಯಮ'ವೇ?

ಉದ್ಯಮವಾದರೆ ಮಾತ್ರ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ. 1947ರ ಆ ಕಾಯ್ದೆಯ 9ಎ ಕಲಮು ಟ್ಯೂಪಿಗೆ ದೂರದ ಸಂಬಂಧಿಯಂತಿತ್ತು. ಸಂಬಳ, ಕೆಲಸದ ವೇಳೆ ಮುಂತಾದ ಷರತ್ತು ಬದಲಿಸುವುದಾದರೆ, ಅಥವಾ ಕೆಲಸ ಕಳೆಯುವಂಥ ಹೊಸ ತಂತ್ರ ತರುವುದಾದರೆ 21 ದಿನ ಮೊದಲು ನೋಟಿಸು ಕೊಡಬೇಕೆಂಬುದು ಅದರ ಸಾರ. ಯಾವುದು ಉದ್ಯಮ ಎಂಬ ಜಿಜ್ಞಾಸೆಗೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1978ರಲ್ಲಿ ವಿಶಾಲವಾದ ಉತ್ತರ ಕೊಟ್ಟಿತು. ಆ ಪ್ರಕರಣ ಹುಟ್ಟಿದ್ದು ನಮ್ಮ ಬೆಂಗಳೂರು ನೀರು ಸರಬರಾಜು ಮಂಡಳಿಯಲ್ಲಿ. ಮಾಲೀಕ ನೌಕರರ ಸಹಕಾರದಿಂದ, ಕ್ರಮಬದ್ಧವಾಗಿ, ಜನರ ಬೇಕುಬೇಡಗಳಿಗೆ ಸರಕು ಅಥವಾ ಸೇವೆ ಒದಗಿಸುವುದೆಲ್ಲ ಉದ್ಯಮವೇ, ಲಾಭ ಇದೆಯೋ ಇಲ್ಲವೋ ಮುಖ್ಯವಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಮುಖ್ಯ ತೀರ್ಪು ಹೇಳಿತು. ಈ ಅಳತೆಗೋಲು ಹಿಡಿದರೆ ಗ್ರಂಥಾಲಯವನ್ನೂ ಒಳಗೆ ತರಲು ವಾದವಿದೆ. ತೀರ್ಪಿನ ವ್ಯಾಪ್ತಿ ಅತಿಯಾಯಿತೇ ಎಂಬ ಪ್ರಶ್ನೆಯನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಈ ನಡುವೆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. 21 ದಿನಗಳ ನೋಟಿಸು ಅದರಲ್ಲಿಯೂ ಉಳಿದಿದೆ.

ಆದರೆ ಸರ್ಕಾರಿ ಸೇವಾ ನಿಯಮಗಳಿಗೆ ಒಳಪಟ್ಟ ನೌಕರರಿಗೆ ಈ ನೋಟಿಸಿನ ಕಟ್ಟಳೆ ಹಿಂದೆಯೂ ಅನ್ವಯಿಸುತ್ತಿರಲಿಲ್ಲ, ಹೊಸ ಸಂಹಿತೆಯಲ್ಲಿಯೂ ಅನ್ವಯಿಸುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದ ಕಾಯಂ ಸಿಬ್ಬಂದಿಗೆ ಅವರ ಸೇವಾ ನಿಯಮಗಳೇ ಆಸರೆ. ಅದೂ ಇಲ್ಲದವರು, ಇದೂ ಇಲ್ಲದವರು ಯಾರೆಂದರೆ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಮೇಲ್ವಿಚಾರಕರು.

ಐದು ಸಾವಿರಕ್ಕೂ ಹೆಚ್ಚು ಇರುವ ಈ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಬದಲಾವಣೆಯಿಂದ ಒಳ್ಳೆಯದಾಗಿಲ್ಲ ಎನ್ನುವಂತಿಲ್ಲ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಹೆಸರು 'ಅರಿವು ಕೇಂದ್ರ' ಎಂದಾಯಿತು. ಮೇಲ್ವಿಚಾರಕರ ಕೆಲಸ ಬೀಗ ತೆಗೆದು ಪತ್ರಿಕೆ ಹರಡುವುದಕ್ಕೆ ನಿಲ್ಲದೆ ಬಹಳ ಬೆಳೆಯಿತು. ಆದರೆ ಅವರ ಕೈಗೆ ಬರುತ್ತಿದ್ದ ಹಣಕ್ಕೆ 'ಸಂಬಳ' ಎಂಬ ಹೆಸರಿರಲಿಲ್ಲ. ಅದು 'ಗೌರವಧನ'. ಕನಿಷ್ಠ ವೇತನ, ಪೂರ್ಣಾವಧಿ ನೌಕರರೆಂಬ ಮಾನ್ಯತೆ ಇವರ ಬಹುಕಾಲದ ಬೇಡಿಕೆಗಳು. ಅವಕ್ಕಾಗಿ ಸಂಘ ಕಟ್ಟಿ ಮನವಿ ಕೊಟ್ಟಿದ್ದಾರೆ, ಧರಣಿ ಕುಳಿತಿದ್ದಾರೆ. ಬೇಡಿಕೆ ಮುಂದಿಡಲು ಇವರಿಗೆ ಸಂಘವಿದೆ, ಬದಲಾವಣೆಗೆ ಮೊದಲು ಆ ಸಂಘವನ್ನು ಕರೆದು ಕೇಳಲೇಬೇಕೆಂಬ ಕಟ್ಟಳೆ ಇಲ್ಲ.

ಕ್ರಾಯ್ಡನ್‌ನ ಕಥೆಯೂ 2018ಕ್ಕೆ ಸುಖಾಂತವಾಗಿ ನಿಲ್ಲಲಿಲ್ಲ. 2020ರ ನವೆಂಬರ್‌ನಲ್ಲಿ ಕೌನ್ಸಿಲ್ಲೇ ತನ್ನ ಬೊಕ್ಕಸ ಬರಿದಾಗಿದೆಯೆಂದು ಕಾನೂನುಬದ್ಧವಾಗಿ ಘೋಷಿಸಬೇಕಾಯಿತು. ಮರುವರ್ಷ ಐದು ಗ್ರಂಥಾಲಯಗಳನ್ನು ಮುಚ್ಚುವ ಪ್ರಸ್ತಾಪ ಬಂದು, ಕೊನೆಗೆ ಎಲ್ಲ ಕಡೆ ತೆರೆದಿರುವ ವೇಳೆಯನ್ನು ಕಡಿತ ಮಾಡುವುದರಲ್ಲಿ ನಿಂತಿತು. 2024ರಲ್ಲಿ ಶರ್ಲಿ, ಸ್ಯಾಂಡರ್ಸ್ಟೆಡ್, ಬ್ರಾಡ್ ಗ್ರೀನ್, ಬ್ರ್ಯಾಡ್ಮೋರ್ ಗ್ರೀನ್ ಎಂಬ ನಾಲ್ಕು ಶಾಖೆಗಳನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಟ್ಯೂಪಿಯ ಆಸರೆ ಕೆಲಸ ಇನ್ನೊಬ್ಬರ ಕೈಗೆ ಹೋದಾಗ ಮಾತ್ರ. ಕೆಲಸವೇ ಇಲ್ಲವಾದ ಕಡೆ ಉಳಿಯುವುದು ಆ 30 ದಿನ, 45 ದಿನಗಳ ಸಮಾಲೋಚನೆಯ ಲೆಕ್ಕ. ಅದೂ ತೆಗೆಯುವವರ ಸಂಖ್ಯೆ 20 ಮುಟ್ಟಿದರೆ.